ಎರೆಮಣ್ಣನ್ನು ಅರಗಿಸಿದ ಬಗೆ

ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದ ಆಚೀಚೆಗೆ ಹಬ್ಬಿರುವ ಹುನಗುಂದ ಸೀಮೆಯಲ್ಲಿ, ಮರೋಳ, ಇಳಕಲ್ಲು, ಅಮೀನಗಡಗಳ ಹೊಲಗಳಲ್ಲಿ, ಮಣ್ಣಿನ ವಿಶ್ಲೇಷಣೆಯು ಪ್ರಯೋಗಾಲಯ ಹುಟ್ಟುವುದಕ್ಕಿಂತ ಬಹಳ ಹಿಂದೆಯೇ ಮಾತಿನಲ್ಲಿ ನಡೆದುಹೋಗಿತ್ತು. ಬೇಸಿಗೆಯಲ್ಲಿ ಅಂಗೈ ಅಗಲ ಬಿರಿದು, ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುವ ಕಪ್ಪು ನೆಲವನ್ನು ಎರೆ ಎಂದೂ, ನೀರು ಬೇಗ ಇಂಗಿಸಿಕೊಂಡು ಬೇಗ ಒಣಗುವ ಕೆಂಪು ನೆಲವನ್ನು ಮಸಾರಿ ಎಂದೂ, ಕಲ್ಲು ಮೇಲೆದ್ದ ಎತ್ತರದ ತೆಳು ನೆಲವನ್ನು ಮಡ್ಡಿ ಎಂದೂ, ಮೈಮೇಲೆ ಬಿಳಿ ಉಪ್ಪು ಕಟ್ಟಿ ಬೆಳೆಯನ್ನು ಸೊರಗಿಸುವ ನೆಲವನ್ನು ಸವಳು ಎಂದೂ ವಿಂಗಡಿಸಿದ ರೈತನಿಗೆ, ಯಾವುದರಲ್ಲಿ ಹಿಂಗಾರಿ ಜೋಳ ಬಿತ್ತಬೇಕು, ಯಾವುದರಲ್ಲಿ ಶೇಂಗಾ ಬರುತ್ತದೆ, ಯಾವುದಕ್ಕೆ ಬೀಜ ಹಾಕುವುದೇ ದಂಡ ಎಂಬುದು ಆ ಹೆಸರುಗಳಲ್ಲೇ ತಿಳಿಯುತ್ತಿತ್ತು. ಆದರೆ ಆ ಹೆಸರುಗಳು ಹೇಳದ ಸಂಗತಿಯೊಂದಿತ್ತು. ಒಂದೇ ಎರೆಯ ಎರಡು ಹೊಲಗಳಲ್ಲಿ ಒಂದರ ಬೆಳೆ ಹಸಿರಾಗಿದ್ದು ಇನ್ನೊಂದರದು ಹಳದಿಯಾಗುವುದಕ್ಕೆ ಯಾವ ಧಾತು ಎಷ್ಟು ಕಡಿಮೆಯಾಗಿದೆ ಎಂಬುದನ್ನು ಕಣ್ಣಾಗಲಿ ಕೈಯಾಗಲಿ ಹೇಳಲಾರದು. ಅದನ್ನು ತಿಳಿಯಬೇಕಾದರೆ ಮಣ್ಣನ್ನೋ ಎಲೆಯನ್ನೋ ಮೊದಲು ನೀರಿನಂತಹ ದ್ರಾವಣವಾಗಿ ಮಾಡಬೇಕು. ಆ ಕೆಲಸದ ಎರಡು ಶತಮಾನಗಳ ಹಾದಿಯೇ ಈ ಪ್ರಬಂಧದ ವಿಷಯ.

ಈ ನಾಡಿನ ಕಪ್ಪು ಮಣ್ಣು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಬೇಸಾಯದ ದಾರಿಯಿಂದಲ್ಲ, ಭೂವಿಜ್ಞಾನದ ದಾರಿಯಿಂದ. ಮದರಾಸಿನ ಸೈನ್ಯದಲ್ಲಿದ್ದ ನ್ಯೂಬೋಲ್ಡ್ ಎಂಬ ಅಧಿಕಾರಿ 1838ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ದಕ್ಷಿಣ ಭಾರತದ ಕಪ್ಪು ಹತ್ತಿಮಣ್ಣನ್ನು ಕುರಿತು ಬರೆದನು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಯಲ್ಲಿ ಬಾಗಲಕೋಟೆ ಮತ್ತು ಬಾದಾಮಿಯ ಮರಳುಗಲ್ಲು, ಸುಣ್ಣಗಲ್ಲುಗಳ ಸ್ತರಗಳಿಗೆ ಕಲಾದಗಿಯ ಹೆಸರು ಸೇರಿಕೊಂಡಿತು. 1884ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ವಿಜಾಪುರ ಸಂಪುಟದಲ್ಲಿ ಈ ಸೀಮೆಯ ನೆಲ, ಬೆಳೆ, ಕಂದಾಯಗಳ ವಿವರ ಒಟ್ಟುಗೂಡಿತು. ಮರೋಳದ ಉತ್ತರಕ್ಕೆ ಲಾವಾದಿಂದಾದ ಬಸಾಲ್ಟ್, ಪಶ್ಚಿಮಕ್ಕೆ ಕಲಾದಗಿಯ ಸುಣ್ಣಗಲ್ಲು, ದಕ್ಷಿಣಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ಹೀಗೆ ಮೂರು ಬಗೆಯ ಬಂಡೆಗಳು ಒಂದೆರಡು ದಿನದ ಬಂಡಿಯ ಹಾದಿಯೊಳಗೆ ಸಿಗುವುದರಿಂದ, ಇಲ್ಲಿನ ಮಣ್ಣುಗಳು ಹೊರಗಿನಿಂದ ಒಂದೇ ಬಣ್ಣದವಾಗಿ ಕಂಡರೂ ಒಳಗಿನ ಧಾತುಗಳ ಲೆಕ್ಕದಲ್ಲಿ ಬೇರೆಬೇರೆಯಾಗಿರುತ್ತವೆ.

ಅದೇ ಶತಮಾನದಲ್ಲಿ ಯುರೋಪಿನ ರಸಾಯನಶಾಸ್ತ್ರಜ್ಞರು ಸಸ್ಯವನ್ನು ಬಿಡಿಸಿ ನೋಡುವ ಮೊದಲ ಉಪಾಯವಾಗಿ ಬೆಂಕಿಯನ್ನು ಹಿಡಿದಿದ್ದರು. ಜಿನೀವಾದ ನಿಕೊಲಾ ತಿಯೊಡೋರ್ ದ ಸೊಸೂರ್ 1804ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳ ಬೂದಿಯನ್ನು ಪರೀಕ್ಷಿಸಿ, ಬೂದಿಯಲ್ಲಿ ಉಳಿಯುವ ಖನಿಜಗಳು ಸಸ್ಯಕ್ಕೆ ಮಣ್ಣಿನಿಂದಲೇ ಬಂದವು ಎಂದು ತೋರಿಸಿದನು. ಜರ್ಮನಿಯ ಯುಸ್ಟಸ್ ಲೀಬಿಗ್ 1840ರಲ್ಲಿ ಆ ಬೂದಿಯ ಲೆಕ್ಕವನ್ನೇ ಗೊಬ್ಬರದ ಶಾಸ್ತ್ರವನ್ನಾಗಿ ಬೆಳೆಸಿದನು. ಒಣಗಿಸಿದ ಎಲೆಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಟ್ಟು ಬೂದಿ ಮಾಡಿ, ಬೂದಿಯನ್ನು ಆಮ್ಲದಲ್ಲಿ ಕರಗಿಸುವ ಈ ಒಣ ವಿಧಾನ ಇಂದಿಗೂ ಕೆಲವು ಪ್ರಯೋಗಾಲಯಗಳಲ್ಲಿದೆ. ಆದರೆ ಬೆಂಕಿ ಇಂಗಾಲವನ್ನು ಮಾತ್ರ ಒಯ್ಯುವುದಿಲ್ಲ, ಸಾರಜನಕವನ್ನು ಪೂರ್ತಿಯಾಗಿ, ಪಾದರಸ, ಆರ್ಸೆನಿಕ್, ಸೆಲೆನಿಯಮ್‌ಗಳನ್ನು ಬಹುಮಟ್ಟಿಗೆ ತನ್ನ ಜೊತೆಗೇ ಹಾರಿಸಿಕೊಂಡು ಹೋಗುತ್ತದೆ.

ಬೆಂಕಿಯ ಬದಲಿಗೆ ಆಮ್ಲವನ್ನು ನೆಚ್ಚಿದ ದಾರಿಗೆ ರಸಾಯನಶಾಸ್ತ್ರದಲ್ಲಿ ಡೈಜೆಷನ್ ಎಂಬ ಹೆಸರಿದೆ. ಪಠ್ಯಪುಸ್ತಕಗಳು ಇದನ್ನು ಜೀರ್ಣನ ಎಂದೋ ಪಚನ ಎಂದೋ ಬರೆಯುತ್ತವೆ. ಇಲ್ವಲನ ತಮ್ಮನಾದ ವಾತಾಪಿಯನ್ನು ಅಗಸ್ತ್ಯನು ಹೊಟ್ಟೆಯಲ್ಲೇ ಜೀರ್ಣಿಸಿಕೊಂಡ ಕಥೆಯನ್ನು ಬಾದಾಮಿಯ ಹೆಸರಿನಲ್ಲೇ ಹೊತ್ತಿರುವ ಈ ನಾಡಿಗೆ ಆ ಪದ ಹೊಸದಲ್ಲ. ಆದರೂ ಅರಗಿಸುವುದು ಎಂಬ ಅಚ್ಚಗನ್ನಡದ ಮಾತು ಇಲ್ಲಿ ಇನ್ನೂ ಹೆಚ್ಚು ಒಪ್ಪುತ್ತದೆ, ಏಕೆಂದರೆ ವಸ್ತುವಿನ ರೂಪವನ್ನು ಪೂರ್ತಿ ಅಳಿಸಿ ಅದರ ಸಾರವನ್ನು ಮಾತ್ರ ಉಳಿಸಿಕೊಳ್ಳುವುದೇ ಈ ಕ್ರಿಯೆಯ ಉದ್ದೇಶ. ಜರ್ಮನಿಯ ಗೆಯೋರ್ಗ್ ಕಾರಿಯಸ್ 1860ರಲ್ಲಿ ಮಾದರಿಯನ್ನು ನೈಟ್ರಿಕ್ ಆಮ್ಲದೊಂದಿಗೆ ಗಾಜಿನ ಕೊಳವೆಯೊಳಗೆ ಮುಚ್ಚಿ ಬೆಸೆದು ಕಾಯಿಸಿದನು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ 1883ರಲ್ಲಿ ಧಾನ್ಯವನ್ನು ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕವನ್ನು ಅಳೆದನು. ಕೆಲ್ಡಾಲನ ತೆರೆದ ಬಾಯಿಯ ಕುಪ್ಪಿ ಜಗತ್ತಿನ ಎಲ್ಲ ಕೃಷಿ ಕಾಲೇಜುಗಳಿಗೂ ಹೋಯಿತು. ಕಾರಿಯಸ್ಸನ ಮುಚ್ಚಿದ ಕೊಳವೆ, ಒಳಗಿನ ಒತ್ತಡ ತಾಳದೆ ಸಿಡಿಯುವ ಭಯದಿಂದ, ನೂರು ವರ್ಷಕ್ಕೂ ಮಿಕ್ಕಿ ಮೂಲೆಯಲ್ಲಿ ಉಳಿಯಿತು. ಇಂದು ಮಾದರಿಗಳನ್ನು ಅರಗಿಸಲು ಬಳಸುವ, ಮುಂದೆ ವಿವರಿಸಲಿರುವ ಮೈಕ್ರೋವೇವ್ ಯಂತ್ರದ ಮುಚ್ಚಿದ ಪಾತ್ರೆ ವಾಸ್ತವವಾಗಿ ಅದರ ಮರುಹುಟ್ಟು.

ಭಾರತದಲ್ಲಿ ಕೃಷಿ ರಸಾಯನಶಾಸ್ತ್ರಕ್ಕೆ ಸರ್ಕಾರಿ ನೆಲೆ ಸಿಕ್ಕಿದ್ದು 1889ರಲ್ಲಿ ಬಂದ ಡಾ. ವೋಲ್ಕರ್ ಅವರ ಸಮೀಕ್ಷೆಯಿಂದ; ಅದರ ಬೆನ್ನಲ್ಲೇ 1892ರಲ್ಲಿ ಜೆ. ವಾಲ್ಟರ್ ಲೆದರ್ ಭಾರತ ಸರ್ಕಾರದ ಮೊದಲ ಕೃಷಿ ರಸಾಯನಜ್ಞರಾಗಿ ನೇಮಕಗೊಂಡರು. ಮೈಸೂರು ಸಂಸ್ಥಾನದಲ್ಲಿ 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿ ಕೊಟ್ಟು, ಡಾ. ಲೇಮನ್ ಅವರು ಮಣ್ಣು ಮತ್ತು ಬೆಳೆಗಳ ಸಂಬಂಧದ ಪ್ರಯೋಗಗಳನ್ನು ಆರಂಭಿಸಿದರು. ಮರೋಳವಾದರೋ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅದರ ವಿದ್ಯಾಕೇಂದ್ರ ಪುಣೆಯ ಕೃಷಿ ಕಾಲೇಜಾಗಿತ್ತು, ಅದರ ಸಮೀಪದ ಸಂಶೋಧನಾ ನೆಲೆ 1930ರ ದಶಕದಲ್ಲಿ ವಿಜಾಪುರದಲ್ಲಿ ಆರಂಭವಾದ ಒಣಬೇಸಾಯ ಕೇಂದ್ರವಾಗಿತ್ತು. ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹ್ತಕ್ ಎಂಬ ಐದು ಕೇಂದ್ರಗಳ ಈ ಸರಣಿಗೆ ಬರಗಾಲವೇ ಪ್ರೇರಣೆಯಾದ್ದರಿಂದ, ಅಲ್ಲಿನ ಪ್ರಶ್ನೆ ಮಣ್ಣಿನಲ್ಲಿ ಎಷ್ಟು ಸತುವಿದೆ ಎಂಬುದಾಗಿರಲಿಲ್ಲ, ಬಿದ್ದ ಮಳೆಯಲ್ಲಿ ಎಷ್ಟು ಹಸಿ ನೆಲದಲ್ಲಿ ನಿಂತಿತು ಎಂಬುದಾಗಿತ್ತು. ನೀರೇ ಇಲ್ಲದ ಹೊಲದಲ್ಲಿ ಸೂಕ್ಷ್ಮ ಪೋಷಕಗಳ ಮಾತು ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಆ ಕಾಲದ ಕೊರತೆಯೆಂದು ಎಣಿಸುವುದು ನ್ಯಾಯವಾಗದು.

ದೇಶದ ಮಣ್ಣು ಪರೀಕ್ಷಾ ಪ್ರಯೋಗಾಲಯಗಳ ಜಾಲ 1955–56ರಲ್ಲಿ ಅಮೆರಿಕದ ನೆರವಿನೊಂದಿಗೆ ಆರಂಭವಾದಾಗ, ಅದು ಮೊದಲಿನಿಂದಲೂ ಮಣ್ಣನ್ನು ಪೂರ್ತಿ ಅರಗಿಸುವ ಗೋಜಿಗೆ ಹೋಗಲಿಲ್ಲ. ಇದರ ಹಿಂದಿನ ವಿಚಾರವನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಮೈಕ್ರೋವೇವ್ ಯಂತ್ರದ ಬೆಲೆ ಮತ್ತು ಮಿತಿ ಎರಡೂ ಇಲ್ಲೇ ನಿರ್ಧಾರವಾಗುತ್ತವೆ. ಮಣ್ಣಿನಲ್ಲಿರುವ ಒಂದು ಧಾತುವಿನ ಒಟ್ಟು ಪ್ರಮಾಣ ಬೇರೆ, ಬೇರಿಗೆ ದೊರೆಯುವ ಪ್ರಮಾಣ ಬೇರೆ. ಎರೆಮಣ್ಣಿನಲ್ಲಿ ಕಬ್ಬಿಣ ನೂರಕ್ಕೆ ಒಂದೇ ಪಾಲು ಇದೆಯೆಂದು ಇಟ್ಟುಕೊಂಡರೂ ಅದು ಕಿಲೋಗೆ 10,000 ಮಿಲಿಗ್ರಾಂ ಆಗುತ್ತದೆ. ಆದರೆ ಡಿಟಿಪಿಎ ಎಂಬ, ಲೋಹಗಳನ್ನು ಹಿಡಿದೆಳೆಯುವ ರಾಸಾಯನಿಕದ ದ್ರಾವಣದಿಂದ ಅದೇ ಮಣ್ಣನ್ನು ಎರಡು ಗಂಟೆ ಅಲುಗಾಡಿಸಿ ಸೋಸಿದರೆ ಸಿಗುವ ಕಬ್ಬಿಣ ಕಿಲೋಗೆ 4.5 ಮಿಲಿಗ್ರಾಂಗಿಂತ ಕಡಿಮೆಯಾದಾಗ ಬೆಳೆ ಹಸಿದಿದೆ ಎಂದು ಲೆಕ್ಕ. ಸುಣ್ಣ ತುಂಬಿದ, ಕ್ಷಾರಗುಣದ ನೆಲದಲ್ಲಿ ಕಬ್ಬಿಣವೂ ಸತುವೂ ಕರಗದ ರೂಪಕ್ಕೆ ತಿರುಗಿ ಕುಳಿತುಬಿಡುವುದರಿಂದ, ಕಣಜ ತುಂಬಿದ್ದರೂ ಬಾಗಿಲಿಗೆ ಬೀಗ ಬಿದ್ದ ಮನೆಯಂತೆ, ಶೇಂಗಾದ ಎಳೆ ಎಲೆ ಹಳದಿಯಾಗುತ್ತದೆ. ಆದ್ದರಿಂದಲೇ ಮಣ್ಣು ಪರೀಕ್ಷೆಯ ಪ್ರಸಿದ್ಧ ವಿಧಾನಗಳೆಲ್ಲ ಅರಗಿಸುವ ವಿಧಾನಗಳಾಗದೆ ದೊರೆಯುವ ಪಾಲನ್ನಷ್ಟೇ ಸೆಳೆಯುವ ವಿಧಾನಗಳಾದವು: 1954ರಲ್ಲಿ ಓಲ್ಸನ್ ಅಡುಗೆ ಸೋಡಾದ ದ್ರಾವಣದಿಂದ ರಂಜಕವನ್ನು ಸೆಳೆದನು, 1956ರಲ್ಲಿ ಸುಬ್ಬಯ್ಯ ಮತ್ತು ಅಸೀಜಾ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ದೊರೆಯುವ ಸಾರಜನಕವನ್ನು ಅಳೆಯುವ ಸುಲಭ ದಾರಿಯನ್ನು ಪ್ರಕಟಿಸಿದರು, 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಡಿಟಿಪಿಎ ಪರೀಕ್ಷೆಯನ್ನು ನೆಲೆಗೊಳಿಸಿದರು. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನ ಕಾರ್ಯಕ್ರಮದಲ್ಲಿ ಗಂಧಕ, ಸತು, ಬೋರಾನ್‌ಗಳ ಕೊರತೆ ರಾಜ್ಯದ ಒಣಭೂಮಿಯ ಉದ್ದಗಲಕ್ಕೂ ಕಂಡದ್ದು ಹೀಗೆ ಸೋಸಿದ ದ್ರಾವಣಗಳಲ್ಲೇ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿಯೂ ಪೂರ್ತಿ ಅರಗಿಸಿದ ಮಣ್ಣಿನ ಅಂಕಿ ಒಂದೂ ಇಲ್ಲ.

ಹಾಗಾದರೆ ಅರಗಿಸುವ ಅಗತ್ಯ ಎಲ್ಲಿ ಬಂತು ಎಂದರೆ, ಎಲೆಯಲ್ಲಿ. ಮಣ್ಣು ಏನನ್ನು ಕೊಡಬಲ್ಲದು ಎಂಬುದನ್ನು ದ್ರಾವಣ ಅಂದಾಜಿನಿಂದ ಹೇಳಿದರೆ, ಏನನ್ನು ಕೊಟ್ಟಿತು ಎಂಬುದನ್ನು ಎಲೆ ಸಾಕ್ಷಿಯಾಗಿ ಹೇಳುತ್ತದೆ. ಎಲೆಯಲ್ಲಿರುವುದೆಲ್ಲ ಬೇರು ಈಗಾಗಲೇ ಹೀರಿಕೊಂಡದ್ದೇ ಆದ್ದರಿಂದ ಅಲ್ಲಿ ಒಟ್ಟು ಪ್ರಮಾಣವೇ ಬೇಕು. ವಿಜಯಪುರ (ಹಿಂದಿನ ವಿಜಾಪುರ) ಮತ್ತು ಬಾಗಲಕೋಟೆಯ ದ್ರಾಕ್ಷಿ ತೋಟಗಳಲ್ಲಿ ಬೇಸಿಗೆಯ ಚಾಟ್ನಿ (ಬಳ್ಳಿ ಸವರುವಿಕೆ) ಆದ 45 ದಿನಗಳ ಸುಮಾರಿಗೆ ಚಿಗುರಿನ ಬುಡದಿಂದ ಐದನೆಯ ಎಲೆಯ ತೊಟ್ಟನ್ನು ಕಿತ್ತು ಪರೀಕ್ಷೆಗೆ ಕಳಿಸುವ ರೂಢಿ ಈ ತರ್ಕದ ಮೇಲೆಯೇ ನಿಂತಿದೆ. 1947ರಲ್ಲಿ ಸ್ಥಾಪನೆಯಾಗಿ 1986ರಲ್ಲಿ ವಿಶ್ವವಿದ್ಯಾಲಯದ ನೆಲೆಯಾದ ಧಾರವಾಡದ ಕೃಷಿ ಕಾಲೇಜಿನಂತಹ ವಿದ್ಯಾಕೇಂದ್ರಗಳಲ್ಲಿ ಮಣ್ಣುವಿಜ್ಞಾನ ಕಲಿತ ಎರಡು ಮೂರು ತಲೆಮಾರುಗಳ ವಿದ್ಯಾರ್ಥಿಗಳು ಪೈಪರ್ ಮತ್ತು ಜ್ಯಾಕ್ಸನ್ ಅವರ ಕೈಪಿಡಿಗಳನ್ನು ಹಿಡಿದು ಎಲೆಯ ಪುಡಿಯನ್ನು ಅರಗಿಸಿದ್ದು ತೆರೆದ ಕುಪ್ಪಿಯಲ್ಲಿ, ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ ಆಮ್ಲಗಳನ್ನು 9ಕ್ಕೆ 4ರಂತೆ ಬೆರೆಸಿದ ದ್ವಿಆಮ್ಲ ಮಿಶ್ರಣದಲ್ಲಿ. ಸಂಜೆ ಆಮ್ಲ ಸುರಿದು ರಾತ್ರಿಯಿಡೀ ನೆನೆಯಲು ಬಿಟ್ಟು, ಮರುದಿನ ಬಿಸಿತಟ್ಟೆಯ ಮೇಲೆ ಕಾಯಿಸಿದಂತೆ ಮೊದಲು ಕಂದುಹೊಗೆಯೂ ಆಮೇಲೆ ದಟ್ಟವಾದ ಬಿಳಿಹೊಗೆಯೂ ಎದ್ದು, ಕೊನೆಗೆ ತಳದಲ್ಲಿ ತಿಳಿಯಾದ ಕೆಲವೇ ಹನಿ ಉಳಿಯುವ ಆ ಕೆಲಸದಲ್ಲಿ, ಕುಪ್ಪಿ ಪೂರ್ತಿ ಒಣಗದಂತೆ ಕಾಯುವುದೇ ದೊಡ್ಡ ಜವಾಬ್ದಾರಿಯಾಗಿತ್ತು. ಪರ್‌ಕ್ಲೋರಿಕ್ ಆಮ್ಲ ಬಿಸಿಯಲ್ಲಿ ಸಾವಯವ ವಸ್ತುವಿನೊಡನೆ ನೇರವಾಗಿ ಸೇರಿದರೆ ಸ್ಫೋಟಿಸುತ್ತದೆ. 1947ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಒಂದು ಕಾರ್ಖಾನೆಯಲ್ಲಿ ಅದರ ಮಿಶ್ರಣ ಸಿಡಿದು 17 ಮಂದಿ ಸತ್ತ ಮೇಲೆ ಜಗತ್ತಿನ ಪ್ರಯೋಗಾಲಯಗಳು ಆ ಸೀಸೆಯನ್ನು ಭಯದಿಂದಲೇ ಮುಟ್ಟಿದವು.

ದ್ರಾವಣವನ್ನು ಓದುವ ಯಂತ್ರಗಳು ಈ ನಡುವೆ ಬಹಳ ಮುಂದೆ ಹೋಗಿದ್ದವು. ಆಸ್ಟ್ರೇಲಿಯಾದ ಅಲನ್ ವಾಲ್ಶ್ 1955ರಲ್ಲಿ ವಿವರಿಸಿದ ಪರಮಾಣು ಹೀರಿಕೆಯ ವಿಧಾನ, ಅಂದರೆ ಜ್ವಾಲೆಯಲ್ಲಿ ಆವಿಯಾದ ಧಾತುವು ತನಗೇ ಮೀಸಲಾದ ಬೆಳಕನ್ನು ಎಷ್ಟು ನುಂಗಿತು ಎಂಬುದನ್ನು ಅಳೆಯುವ ವಿಧಾನ, ಒಂದು ಧಾತುವಿನ ಲೆಕ್ಕವನ್ನು ಕ್ಷಣಗಳಲ್ಲಿ ಮುಗಿಸಿತು. 1960ರ ದಶಕದಲ್ಲಿ ರೂಪುಗೊಂಡ ಆರ್ಗಾನ್ ಪ್ಲಾಸ್ಮಾ ದೀಪಗಳಿಂದ, ಸಾವಿರಾರು ಡಿಗ್ರಿ ಶಾಖದಲ್ಲಿ ಹಲವು ಧಾತುಗಳನ್ನು ಒಟ್ಟಿಗೇ ಹೊಳೆಯಿಸಿ ಓದುವಂತಾಯಿತು. 1980ರಲ್ಲಿ ಅದೇ ಪ್ಲಾಸ್ಮಾಕ್ಕೆ ದ್ರವ್ಯರಾಶಿಯನ್ನು ಅಳೆಯುವ ಯಂತ್ರ ಜೋಡಿಸಿದ ಮೇಲೆ ಶತಕೋಟಿಯಲ್ಲಿ ಒಂದು ಪಾಲನ್ನೂ ಹಿಡಿಯಬಹುದಾಯಿತು. ಓದುವುದಕ್ಕೆ ಎರಡು ನಿಮಿಷ, ಅರಗಿಸುವುದಕ್ಕೆ ಎರಡು ದಿನ ಎಂಬ ಈ ಅಸಮತೋಲವೇ ಅಡುಗೆಮನೆಯ ಒಂದು ಪೆಟ್ಟಿಗೆಯನ್ನು ಪ್ರಯೋಗಾಲಯಕ್ಕೆ ತಂದಿತು.

ರಡಾರ್ ಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದ ಅಮೆರಿಕದ ಪರ್ಸಿ ಸ್ಪೆನ್ಸರ್ 1945ರಲ್ಲಿ ಸೂಕ್ಷ್ಮತರಂಗಗಳಿಂದ ಆಹಾರವನ್ನು ಬಿಸಿಮಾಡುವ ಉಪಾಯವನ್ನು ಕಂಡುಕೊಂಡ ಮೂವತ್ತು ವರ್ಷಗಳ ನಂತರ, 1975ರಲ್ಲಿ, ಅಬು ಸಮ್ರಾ, ಮಾರಿಸ್ ಮತ್ತು ಕೊಯ್ರ್ಟಿಯೋಹನ್ ಎಂಬ ಮೂವರು ಮನೆಯ ಮೈಕ್ರೋವೇವ್ ಒಲೆಯೊಳಗೆ ಆಮ್ಲ ತುಂಬಿದ ಕುಪ್ಪಿಗಳನ್ನಿಟ್ಟು ಜೈವಿಕ ಮಾದರಿಗಳನ್ನು ಅರಗಿಸಿದ ವರದಿ ಪ್ರಕಟವಾಯಿತು. ನೀರು ಮತ್ತು ಆಮ್ಲದ ಅಣುಗಳು 2,450 ಮೆಗಾಹರ್ಟ್ಸ್ ತರಂಗದ ಜೊತೆಗೆ ಹೊರಳಾಡಿ ತಾವೇ ಬಿಸಿಯಾಗುವುದರಿಂದ, ಇಲ್ಲಿ ಪಾತ್ರೆ ಕಾದು ದ್ರವವನ್ನು ಕಾಯಿಸುವುದಿಲ್ಲ, ದ್ರವ ಕಾದು ಪಾತ್ರೆಯನ್ನು ಕಾಯಿಸುತ್ತದೆ. ಆದರೆ ಆಮ್ಲದ ಹೊಗೆ ಮನೆಯೊಲೆಯ ಒಳಮೈಯನ್ನು ತಿಂದುಹಾಕುತ್ತಿದ್ದುದರಿಂದ ಹೊಗೆ ಎಳೆದುಹಾಕುವ, ಆಮ್ಲ ತಾಳುವ ಪೆಟ್ಟಿಗೆ ಬೇಕಾಯಿತು. ಅಮೆರಿಕದ ಸಿಇಎಂ ಸಂಸ್ಥೆ 1985ರಲ್ಲಿ ಪ್ರಯೋಗಾಲಯಕ್ಕೆಂದೇ ಮಾಡಿದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಕಿಂಗ್‌ಸ್ಟನ್ ಮತ್ತು ಜ್ಯಾಸಿ ಮುಚ್ಚಿದ ಪಾತ್ರೆಯೊಳಗಿನ ಶಾಖ ಮತ್ತು ಒತ್ತಡಗಳನ್ನು ಕ್ಷಣಕ್ಷಣಕ್ಕೆ ಅಳೆದು, 1988ರಲ್ಲಿ ಈ ವಿದ್ಯೆಯ ಮೊದಲ ಕೈಪಿಡಿಯನ್ನು ಸಂಪಾದಿಸಿದರು.

ಮುಚ್ಚುವುದರ ಗುಟ್ಟು ಮನೆಯ ಕುಕ್ಕರಿನ ಗುಟ್ಟೇ. ತೆರೆದ ಕುಪ್ಪಿಯಲ್ಲಿ ಗಟ್ಟಿ ನೈಟ್ರಿಕ್ ಆಮ್ಲ ಸುಮಾರು 120 ಡಿಗ್ರಿಗೆ ಕುದಿದು ಹಾರಿಹೋಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುವುದರಿಂದ ಅದೇ ಆಮ್ಲ 180, 200 ಡಿಗ್ರಿಯವರೆಗೂ ದ್ರವವಾಗಿಯೇ ಉಳಿದು, ಪರ್‌ಕ್ಲೋರಿಕ್ ಆಮ್ಲದ ಹಂಗಿಲ್ಲದೆ ಎಲೆಯ ನಾರನ್ನೂ ಕೊಬ್ಬನ್ನೂ ಮುರಿಯುತ್ತದೆ. ಪಾತ್ರೆಯು ಗಾಜಿನ ಬದಲಿಗೆ ಟೆಫ್ಲಾನ್ ಬಳಗದ ಪ್ಲಾಸ್ಟಿಕ್ಕಿನದು. ತರಂಗ ಅದರೊಳಗೆ ಹಾಯ್ದುಹೋಗುತ್ತದೆ, ಆಮ್ಲ ಅದನ್ನು ಮುಟ್ಟುವುದಿಲ್ಲ. ಎಲೆಯಾದರೆ ಅರ್ಧ ಗ್ರಾಂ ಪುಡಿಗೆ ಐದರಿಂದ ಎಂಟು ಮಿಲಿಲೀಟರ್ ನೈಟ್ರಿಕ್ ಆಮ್ಲ, ಒಂದೆರಡು ಮಿಲಿಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಮೊದಲ ನೊರೆ ಇಳಿಯುವವರೆಗೆ ಮುಚ್ಚದೆ ಬಿಟ್ಟು, ಆಮೇಲೆ ಬಿಗಿದು, ನಿಧಾನವಾಗಿ ಶಾಖವೇರಿಸಿ, ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಹಿಡಿದಿಟ್ಟು, ಪೂರ್ತಿ ಆರಿದ ಮೇಲೆ ಮಾತ್ರ ಹೊಗೆಗೂಡಿನೊಳಗೆ ತೆರೆಯಬೇಕು. ಅರ್ಧ ಗ್ರಾಂ ಎಂಬ ಮಿತಿ ಜಿಪುಣತನದಿಂದ ಬಂದದ್ದಲ್ಲ. ಎಲೆಯ ಇಂಗಾಲವೆಲ್ಲ ಅನಿಲವಾಗಿ ಆ ಸಣ್ಣ ಪಾತ್ರೆಯೊಳಗೇ ತುಂಬಿಕೊಳ್ಳುವುದರಿಂದ, ಪುಡಿ ಹೆಚ್ಚಾದರೆ ಕಾರಿಯಸ್ಸನ ಕೊಳವೆಯ ಗತಿಯೇ ಆಗುತ್ತದೆ. ಮಣ್ಣಿಗೆ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಗೊತ್ತುಮಾಡಿದ 3051 ಎಂಬ ವಿಧಾನದಲ್ಲಿ ಅರ್ಧ ಗ್ರಾಂ ಮಣ್ಣು, ಹತ್ತು ಮಿಲಿಲೀಟರ್ ನೈಟ್ರಿಕ್ ಆಮ್ಲ, 175 ಡಿಗ್ರಿ, ಒಟ್ಟು ಹತ್ತೇ ನಿಮಿಷ.

ಹತ್ತು ನಿಮಿಷದ ಈ ಹೊಗಳಿಕೆಯಲ್ಲಿ ಹೊಲದಿಂದ ಪಾತ್ರೆಯವರೆಗಿನ ಹಾದಿ ಮರೆತುಹೋಗುವುದುಂಟು, ಆದರೆ ತಪ್ಪುಗಳು ಹುಟ್ಟುವುದು ಬಹುಪಾಲು ಅಲ್ಲಿಯೇ. ಒಂದು ಹೆಕ್ಟೇರ್ ಹೊಲದ ಮೇಲ್ಪದರಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ; ಅದರ ಪ್ರತಿನಿಧಿಯಾಗಿ ಯಂತ್ರದೊಳಗೆ ಹೋಗುವುದು ಅರ್ಧ ಗ್ರಾಂ. ಆದ್ದರಿಂದ ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಇಳಿಜಾರು ಗುಂಡಿ ತೋಡಿ, ಅದರ ಬದಿಯ ಮಣ್ಣನ್ನು ಒಂದೇ ದಪ್ಪಕ್ಕೆ ಕೆರೆದು, ಎಲ್ಲವನ್ನೂ ಅರಿವೆಯ ಮೇಲೆ ಸುರಿದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಚೆಲ್ಲಿ, ಉಳಿದದ್ದನ್ನು ಮತ್ತೆ ಬೆರೆಸಿ ಅರ್ಧ ಕಿಲೋಗೆ ಇಳಿಸುವ ಕ್ರಮ ಬಂದಿದೆ. ಒದ್ದೆ ಎರೆಯಲ್ಲಿ ಈ ಕೆಲಸ ಆಗುವ ಮಾತಲ್ಲ, ಒಣ ಎರೆಯಲ್ಲಿ ಸನಿಕೆಯೇ ಇಳಿಯುವುದಿಲ್ಲ. ಹದ ನೋಡಿ ಹೋಗಬೇಕು. ನೆರಳಲ್ಲಿ ಒಣಗಿದ ಹೆಂಟೆಯನ್ನು ಮರದ ಕೊಡತಿಯಿಂದ ಒಡೆಯಬೇಕೇ ಹೊರತು ಕಬ್ಬಿಣದ ಹಾರೆಯಿಂದಲ್ಲ. ಹಿತ್ತಾಳೆಯ ಜರಡಿಯಲ್ಲಿ ಸೋಸಿದ ಮಣ್ಣು ತಾಮ್ರವನ್ನೂ ಸತುವನ್ನೂ ಜರಡಿಯಿಂದಲೇ ಕಡ ತಂದುಕೊಳ್ಳುತ್ತದೆ.

ಎಲೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಬಾಗಲಕೋಟೆಯ ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿಯ ಭಯದಿಂದ ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್‌ಗಳನ್ನು ಮತ್ತೆ ಮತ್ತೆ ಸಿಂಪಡಿಸುತ್ತಾರೆ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದಲ್ಲಿ ಮ್ಯಾಂಗನೀಸ್ ಮತ್ತು ಸತು ಎರಡೂ ಇವೆ. ಹಾಗೆ ಸಿಂಪಡಿಸಿದ ಎಲೆಯನ್ನು ತೊಳೆಯದೆ ಅರಗಿಸಿದರೆ ಯಂತ್ರವು ಔಷಧದ ಲೆಕ್ಕವನ್ನೇ ಗಿಡದ ಲೆಕ್ಕವೆಂದು ನಿಷ್ಠೆಯಿಂದ ಒಪ್ಪಿಸುತ್ತದೆ, ಹಸಿದ ಗಿಡ ಉಂಡು ತೇಗಿದಂತೆ ಕಾಣುತ್ತದೆ. ಆದ್ದರಿಂದ ಎಲೆಯನ್ನು ನಲ್ಲಿನೀರು, ತೆಳುವಾದ ಸಾಬೂನಿನ ನೀರು, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ, ಕೊನೆಗೆ ಬಟ್ಟಿನೀರು ಹೀಗೆ ಸಾಲಾಗಿ, ಆದರೆ ಪೊಟ್ಯಾಶ್ ಸೋರಿಹೋಗದಷ್ಟು ಬೇಗ, ತೊಳೆದು 65ರಿಂದ 70 ಡಿಗ್ರಿಯ ಒಲೆಯಲ್ಲಿ ಒಣಗಿಸಿ ಪುಡಿಮಾಡುತ್ತಾರೆ. ಪ್ರತಿ ಸರದಿಯಲ್ಲಿ ಏನೂ ಹಾಕದ ಬರಿ ಆಮ್ಲದ ಪಾತ್ರೆಯೊಂದನ್ನೂ, ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಪುಡಿಯ ಪಾತ್ರೆಯೊಂದನ್ನೂ ಜೊತೆಗಿಡುವ ಪದ್ಧತಿಯೂ ಇದೇ ಅಪನಂಬಿಕೆಯಿಂದ ಹುಟ್ಟಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಬೋವೆನ್ ಎಂಬ ರಸಾಯನಜ್ಞನು ಎಲೆಕೋಸಿನ ಬಳಗದ ಕೇಲ್ ಎಂಬ ಸೊಪ್ಪನ್ನು ರಾಶಿಯಾಗಿ ಬೆಳೆದು, ಒಣಗಿಸಿ, ಪುಡಿಮಾಡಿ ಜಗತ್ತಿನ ಪ್ರಯೋಗಾಲಯಗಳಿಗೆ ಹಂಚಿ, ಒಂದೇ ಸೊಪ್ಪಿಗೆ ಎಷ್ಟು ಬಗೆಯ ಉತ್ತರಗಳು ಬರುತ್ತವೆ ಎಂದು ತೋರಿಸಿದ್ದು ಈ ಶಾಸ್ತ್ರದ ಇತಿಹಾಸದಲ್ಲಿ ಯಾವ ಯಂತ್ರದ ಶೋಧಕ್ಕೂ ಕಡಿಮೆಯದಲ್ಲ.

ಮರೋಳದ ಹೆಸರು ಈ ಕಥೆಯೊಳಗೆ ಬರುವುದು ನೀರಿನ ಮೂಲಕ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ ಹುನಗುಂದ ಸೀಮೆಯ ಒಣಹೊಲಗಳಿಗೆ ಕೊಡುವ ಮರೋಳ ಏತ ನೀರಾವರಿಯ ಎರಡನೆಯ ಹಂತವನ್ನು, ಕೃಷ್ಣಾ ಭಾಗ್ಯ ಜಲ ನಿಗಮವು ಕಾಲುವೆಯ ಬದಲು ಹನಿ ನೀರಾವರಿಯಾಗಿ, ಸುಮಾರು 24,000 ಹೆಕ್ಟೇರಿಗೆ ರಾಮಥಾಳ ಯೋಜನೆ ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡಿತು. ಕಾಲುವೆಯ ನೀರು ಎರೆಭೂಮಿಗೆ ಏನು ಮಾಡಬಲ್ಲದು ಎಂಬುದಕ್ಕೆ ನೆರೆಯ ಮಲಪ್ರಭಾ ಅಚ್ಚುಕಟ್ಟಿನ ಸವಳು ಜವಳು ಹೊಲಗಳು ಕಣ್ಣೆದುರಿಗಿದ್ದವು. ಕೊಳವೆಯಲ್ಲಿ ನೀರಿನ ಜೊತೆಗೆ ಗೊಬ್ಬರವನ್ನೂ ಹನಿಹನಿಯಾಗಿ ಬಿಡುವ ರಸಾವರಿ ಪದ್ಧತಿಯಲ್ಲಿ ಯಾವ ವಾರ ಯಾವ ಧಾತು ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ವಿಜಾಪುರ ಕೇಂದ್ರದ ಒಣಬೇಸಾಯದ ಕಾಲದಲ್ಲಿ ಕೇಳುವ ಅಗತ್ಯವಿರದ ಆ ಪ್ರಶ್ನೆಗೆ ಎಲೆಯನ್ನು ಅರಗಿಸಿಯೇ ಉತ್ತರ ಹುಡುಕಬೇಕು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಆರಂಭವಾದದ್ದು ದಾಳಿಂಬೆ, ದ್ರಾಕ್ಷಿಗಳ ಈ ನೀರಾವರಿ ನಾಡಿನ ನಡುವೆಯೇ.

ಮಣ್ಣನ್ನೇ ಅರಗಿಸಬೇಕಾದ ಸಂದರ್ಭ ಪೋಷಕಗಳದ್ದಲ್ಲ, ವಿಷಗಳದ್ದು. ಪೂರ್ವಕ್ಕಿರುವ ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಆಸುಪಾಸಿನಲ್ಲಿ, ಕಿರದಳ್ಳಿ ತಾಂಡಾದಂತಹ ಊರುಗಳ ನೀರಿನಲ್ಲಿ ಆರ್ಸೆನಿಕ್ ಇರುವುದು ಈ ಶತಮಾನದ ಮೊದಲ ದಶಕಗಳಲ್ಲಿ ಬೆಳಕಿಗೆ ಬಂದು, 2013ರಲ್ಲಿ ಅದರ ಆರೋಗ್ಯ ಪರಿಣಾಮಗಳ ಅಧ್ಯಯನವೂ ಪ್ರಕಟವಾಯಿತು. ಇಂತಹ ನೆಲದಲ್ಲಿ ಒಟ್ಟು ಎಷ್ಟಿದೆ ಎಂಬುದು ಬೇಕೇಬೇಕು. ಆರ್ಸೆನಿಕ್ಕಾದರೋ ಕುಲುಮೆಯಲ್ಲೂ ತೆರೆದ ಕುಪ್ಪಿಯಲ್ಲೂ ಜಾರಿಕೊಳ್ಳುವ ಧಾತು. ಮುಚ್ಚಿದ ಪಾತ್ರೆಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಹಾಗಿದ್ದೂ ಅರಗಿದ ಪಾತ್ರೆಯನ್ನು ತೆರೆದಾಗ ತಳದಲ್ಲಿ ಬೆಳ್ಳಗೆ ಒಂದಿಷ್ಟು ಉಳಿದೇ ಇರುತ್ತದೆ. ಬಿಳಿಜೋಳದ ಎಲೆಯಲ್ಲಿ ಅದು ಗಿಡ ತನ್ನ ಅಂಚನ್ನು ಹರಿತಗೊಳಿಸಿಕೊಂಡ ಸಿಲಿಕಾ. ಎರೆಮಣ್ಣಿನಲ್ಲಿ ಅದು ಜೇಡಿಯ ಮತ್ತು ಉಸುಕಿನ ಎಲುಬು. ಇಳಕಲ್ಲಿನ ಬದಿಯ ಮಸಾರಿಯಲ್ಲಿ ಅದು ಗ್ರಾನೈಟಿನಿಂದ ಉದುರಿದ ಬೆಣಚುಕಲ್ಲಿನ ಹರಳು. ನೈಟ್ರಿಕ್ ಆಮ್ಲ ಎಷ್ಟೇ ಕಾದರೂ ಅದನ್ನು ಕರಗಿಸಲಾರದು. ಕರಗಿಸಬಲ್ಲ ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೂ ಕರಗಿಸುತ್ತದೆ, ಚರ್ಮದೊಳಗಿಳಿದು ಎಲುಬಿನ ಸುಣ್ಣವನ್ನೂ ಹಿಡಿಯುತ್ತದೆ. ಆದ್ದರಿಂದ ದಿನನಿತ್ಯದ ಕೆಲಸದಲ್ಲಿ ಯಾರೂ ಅದರ ಗೊಡವೆಗೆ ಹೋಗದೆ, ದ್ರಾವಣವನ್ನು ಸೋಸುಕಾಗದದ ಮೇಲೆ ಸುರಿದು, ಕೆಳಗಿಳಿದ ತಿಳಿಯನ್ನು 50 ಮಿಲಿಲೀಟರಿಗೆ ತುಂಬಿಸಿ ಯಂತ್ರಕ್ಕೆ ಒಯ್ಯುತ್ತಾರೆ. ಕಾಗದದ ಮೇಲೆ ನಿಂತ ಬಿಳಿ ಗಸಿ ಕಾಗದದೊಡನೆ ಬುಟ್ಟಿ ಸೇರುತ್ತದೆ.